ಯಾವ ಆಜ್ಞೆ ಯಾರಿಗೆ, ಎಲ್ಲಿಯವರೆಗೆ?

ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದ 18ನೇ ವಚನದಲ್ಲಿ, ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು ಎಂಬ ಆಜ್ಞೆಯಿದೆ. ಇದರ ಅವಧಿ ಮುಗಿದಿದೆ ಎನ್ನುವ ಕ್ರೈಸ್ತರನ್ನು ನಾನು ಈವರೆಗೆ ಕಂಡಿಲ್ಲ. ಅದರ ಮರುವಚನದಲ್ಲೇ, ಒಂದು ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬಾರದು, ಎರಡು ಬಗೆಯ ನೂಲು ಕೂಡಿಸಿ ನೇಯ್ದ ಬಟ್ಟೆ ತೊಡಬಾರದು ಎಂದಿದೆ. ಇದನ್ನು ಪಾಲಿಸಲೇಬೇಕು ಎನ್ನುವವರನ್ನೂ ಕಂಡಿಲ್ಲ. ಬೆಂಗಳೂರಿನ ಸುತ್ತಮುತ್ತಲ ರಾಗಿ ಹೊಲಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುವುದು ತಲೆಮಾರುಗಳಿಂದ ಬಂದ ಪದ್ಧತಿ. ಕ್ರೈಸ್ತ ರೈತರೂ ಹಾಗೆಯೇ ಬಿತ್ತುತ್ತಾರೆ, ಪಾಲಿಯೆಸ್ಟರ್ ಬೆರೆತ ಹತ್ತಿಯ ಅಂಗಿ ತೊಟ್ಟು ಭಾನುವಾರದ ಆರಾಧನೆಗೂ ಬರುತ್ತಾರೆ. ಮೊದಲಿನ ವಚನ ‘ನಾನೇ ಯೆಹೋವನು’ ಎಂದು ಮುಗಿಯುತ್ತದೆ, ಎರಡನೆಯದು ನನ್ನ ನಿಯಮಗಳನ್ನು ಕೈಕೊಳ್ಳಬೇಕು ಎಂದೇ ಶುರುವಾಗುತ್ತದೆ. ಹೇಳಿದವನು ಒಬ್ಬನೇ, ಕೇಳಿಸಿಕೊಂಡ ಜನರೂ ಅವರೇ. ಹೀಗಿರುವಾಗ ಒಂದನ್ನು ಶಾಶ್ವತವೆಂದೂ ಇನ್ನೊಂದನ್ನು ತಾತ್ಕಾಲಿಕವೆಂದೂ ನಾವು ಯಾವ ಆಧಾರದ ಮೇಲೆ ವಿಂಗಡಿಸುತ್ತೇವೆ?

ಸಭೆಯ ಬೈಬಲ್ ಅಧ್ಯಯನದಲ್ಲಿ ಈ ಪ್ರಶ್ನೆ ಎತ್ತಿದರೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಅದು ಹಳೇ ಒಡಂಬಡಿಕೆಯದು, ಅಂದರೆ ಬೈಬಲಿನಲ್ಲಿ ಯೇಸುವಿಗಿಂತ ಹಿಂದಿನ ಭಾಗದ್ದು; ನಾವು ಧರ್ಮಶಾಸ್ತ್ರದ, ಅಂದರೆ ಮೋಶೆ ಕೊಟ್ಟ ಆಜ್ಞೆಗಳ ಅಧೀನರಲ್ಲ, ಕೃಪೆಯ ಅಧೀನರು ಎಂಬುದು ಒಂದು. ಆಕಾಶವೂ ಭೂಮಿಯೂ ಅಳಿದುಹೋದರೂ ದೇವರ ಮಾತು ಅಳಿಯುವುದಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ವೇದವಾಕ್ಯದ ಬೆಂಬಲವಿದೆ, ಮತ್ತು ಒಬ್ಬರೇ ವ್ಯಕ್ತಿ ಸಂದರ್ಭ ನೋಡಿಕೊಂಡು ಎರಡನ್ನೂ ಬಳಸುವುದುಂಟು. ಯುವಕನೊಬ್ಬ ಮುಂಗೈ ಮೇಲೆ ಶಿಲುಬೆಯ ಹಚ್ಚೆ ಹಾಕಿಸಿಕೊಂಡು ಬಂದರೆ ಹಿರಿಯರಿಗೆ ತಕ್ಷಣ ಯಾಜಕಕಾಂಡ 19ರ 28ನೇ ವಚನ ನೆನಪಾಗುತ್ತದೆ. ಗಡ್ಡದ ಅಂಚನ್ನು ಕತ್ತರಿಸಬಾರದೆನ್ನುವ 27ನೇ ವಚನ ಮಾತ್ರ ನೆನಪಾಗುವುದಿಲ್ಲ. ಅವರು ನುಣ್ಣಗೆ ಶೇವ್ ಮಾಡಿಕೊಂಡೇ ಬಂದಿರುತ್ತಾರೆ.

ವಿಂಗಡಿಸುವ ಪ್ರಯತ್ನ ಹಳೆಯದು. 13ನೇ ಶತಮಾನದಲ್ಲಿ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಮೋಶೆಯ ಧರ್ಮಶಾಸ್ತ್ರವನ್ನು ನೈತಿಕ ಆಜ್ಞೆಗಳು, ಆಚರಣೆಯ ಆಜ್ಞೆಗಳು, ನ್ಯಾಯಾಡಳಿತದ ಆಜ್ಞೆಗಳು ಎಂದು ಮೂರಾಗಿ ಬಿಡಿಸಿ, ಮೊದಲನೆಯವು ಎಲ್ಲ ಕಾಲಕ್ಕೂ ಸಲ್ಲುತ್ತವೆ, ಉಳಿದೆರಡು ಕ್ರಿಸ್ತನ ಬರುವಿಕೆಯೊಂದಿಗೆ ಮುಗಿದವು ಎಂದು ವಾದಿಸಿದರು. 1571ರಲ್ಲಿ ಅಂತಿಮ ರೂಪ ಪಡೆದ ಇಂಗ್ಲೆಂಡ್ ಸಭೆಯ 39 ವಿಧಿಗಳಲ್ಲಿ ಏಳನೆಯದು ಈ ವಿಂಗಡಣೆಯನ್ನೇ ಒಪ್ಪಿಕೊಂಡಿದೆ. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ (ಪ್ರೆಸ್ಬಿಟೇರಿಯನ್ ಸಭೆಗಳ ನಂಬಿಕೆಯ ಹೇಳಿಕೆ) ತನ್ನ 19ನೇ ಅಧ್ಯಾಯದಲ್ಲಿ ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. 1784ರಲ್ಲಿ ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ ಅಮೆರಿಕದ ಮೆಥಡಿಸ್ಟರಿಗಾಗಿ ಆ 39 ವಿಧಿಗಳನ್ನು 24ಕ್ಕೆ ಇಳಿಸಿದಾಗಲೂ ಈ ವಿಧಿಯನ್ನು ಕೈಬಿಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ, ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್ನಿನಿಂದ ಬಂದ ನಮ್ಮಂಥ ಕನ್ನಡ ಸಭೆಗಳಿಗೆ ಇದು ಪಿತ್ರಾರ್ಜಿತವಾಗಿಯೇ ದೊರಕಿತು ಎನ್ನಬೇಕು.

ಈ ವಿಂಗಡಣೆ ಉಪಯುಕ್ತ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಪಠ್ಯದೊಳಗೆ ಇರುವ ವಿಂಗಡಣೆಯಲ್ಲ, ಪಠ್ಯವನ್ನು ಓದಿದವರು ಮಾಡಿಕೊಂಡದ್ದು. 19ನೇ ಅಧ್ಯಾಯವನ್ನೇ ನೋಡಬಹುದು. ತಂದೆತಾಯಿಗಳಿಗೆ ಭಯಭಕ್ತಿ, ಸಮಾಧಾನಯಜ್ಞದ ಮಾಂಸವನ್ನು ಮೂರನೆಯ ದಿನಕ್ಕೆ ಉಳಿಸಿಕೊಳ್ಳದಿರುವುದು, ಕೊಯ್ಲಿನಲ್ಲಿ ಬಡವರಿಗಾಗಿ ಹೊಲದ ಅಂಚು ಬಿಡುವುದು, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳದಿರುವುದು, ಕುರುಡನ ದಾರಿಯಲ್ಲಿ ಅಡ್ಡಿ ಇಡದಿರುವುದು, ಹೊಸದಾಗಿ ನೆಟ್ಟ ಮರದ ಹಣ್ಣನ್ನು ಮೊದಲ ಮೂರು ವರ್ಷ ತಿನ್ನದಿರುವುದು, ನರೆಗೂದಲಿನವರ ಮುಂದೆ ಎದ್ದು ನಿಲ್ಲುವುದು, ತಕ್ಕಡಿಯಲ್ಲಿ ಮೋಸ ಮಾಡದಿರುವುದು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಇಲ್ಲಿಂದ ನೈತಿಕ, ಇಲ್ಲಿಂದ ಆಚರಣೆ ಎಂದು ತೋರಿಸುವ ಗುರುತು ಎಲ್ಲಿಯೂ ಇಲ್ಲ. ಗುರುತು ಇರುವ ಕಡೆ ಅದು ನಮಗೆ ಇನ್ನಷ್ಟು ತೊಡಕಾಗುತ್ತದೆ. ಇದು ನಿಮ್ಮ ಎಲ್ಲ ತಲೆಮಾರುಗಳಿಗೂ ಶಾಶ್ವತ ಎಂದು ಬೈಬಲ್ ಎತ್ತಿ ಹೇಳುವುದು ಸುನ್ನತಿಯ ಬಗ್ಗೆ, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ಬಗ್ಗೆ, ದೋಷಪರಿಹಾರಕ ದಿನದ ಬಗ್ಗೆ, ಮೋಶೆಯ ಅಣ್ಣ ಆರೋನನ ಮಕ್ಕಳ ಯಾಜಕತ್ವದ ಬಗ್ಗೆ, ಏಳನೆಯ ದಿನದ ವಿಶ್ರಾಂತಿಯಾದ ಸಬ್ಬತ್ತಿನ ಬಗ್ಗೆ. ಅಂದರೆ ಹೆಚ್ಚುಕಡಿಮೆ ನಾವು ಬಿಟ್ಟಿರುವವುಗಳ ಬಗ್ಗೆಯೇ. ನರಹತ್ಯ ಮಾಡಬಾರದು ಎಂಬ ಆಜ್ಞೆಯ ಪಕ್ಕದಲ್ಲಿ ಅಂಥ ಮಾತೇ ಇಲ್ಲ.

ಕಡೆಗೆ ಹತ್ತು ಆಜ್ಞೆಗಳನ್ನಾದರೂ ಪ್ರತ್ಯೇಕವಾಗಿ ಎತ್ತಿಡೋಣವೆಂದರೆ, ಆ ಹತ್ತು ಯಾವುವು ಎಂಬುದರಲ್ಲೂ ಒಮ್ಮತವಿಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಧರ್ಮೋಪದೇಶ ಕಲಿಯುವ ಮಗುವಿಗೆ ‘ಕದಿಯಬಾರದು’ ಏಳನೆಯ ಆಜ್ಞೆ. ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ದೇವಾಲಯದ ಭಾನುವಾರ ಶಾಲೆಯ ಮಗುವಿಗೆ ಅದೇ ಎಂಟನೆಯದು. ವಿಗ್ರಹದ ಆಜ್ಞೆಯನ್ನು ಮೊದಲನೆಯದರಲ್ಲಿ ಸೇರಿಸಿ ಕೊನೆಯದನ್ನು ಎರಡಾಗಿ ಒಡೆಯುವುದು ಪ್ರಾಚೀನ ಸಭೆಯ ಬಿಷಪ್ ಅಗಸ್ಟೀನನ ಕಾಲದಿಂದ ಬಂದ ಲೆಕ್ಕ.

ಯೆಹೂದ್ಯರು ಈ ಪ್ರಶ್ನೆಯನ್ನು ಬೇರೆಯೇ ರೀತಿಯಲ್ಲಿ ನೋಡುತ್ತಾರೆ. ಅವರ ಧರ್ಮಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್, ರಬ್ಬಿ ಸಿಮ್ಲಾಯಿಯ ಹೆಸರಿನಲ್ಲಿ ಕೊಡುವ ಲೆಕ್ಕದ ಪ್ರಕಾರ ಆಜ್ಞೆಗಳು ಒಟ್ಟು 613: ಮಾಡಬೇಕಾದವು 248, ಮಾಡಬಾರದವು 365. ಇವು ಶಾಶ್ವತ, ಅದರಲ್ಲಿ ಚರ್ಚೆಯಿಲ್ಲ; ಆದರೆ ಇವು ಇಸ್ರಾಯೇಲ್ಯರಿಗೆ. ಲೋಕದ ಉಳಿದವರಿಗೆ ನೋಹನ ಸಂತತಿಯವರೆಂಬ ಕಾರಣಕ್ಕೆ ಏಳು ಆಜ್ಞೆಗಳು ಮಾತ್ರ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಯಜ್ಞಗಳ ಕುರಿತಾದ ಆಜ್ಞೆಗಳನ್ನು ನಡೆಸುವುದೇ ಅಸಾಧ್ಯವಾಯಿತು. ಆದರೂ ಅವು ರದ್ದಾದವು ಎಂದು ಸಾಂಪ್ರದಾಯಿಕ ಯೆಹೂದ್ಯರು ಹೇಳುವುದಿಲ್ಲ, ದೇವಾಲಯ ಮತ್ತೆ ಏಳಲಿ ಎಂದು ದಿನವೂ ಪ್ರಾರ್ಥಿಸುತ್ತಾರೆ. ಅಂದರೆ ಆಜ್ಞೆಯೊಂದು ಶಾಶ್ವತವಾಗಿದ್ದೂ ಎಲ್ಲರಿಗೂ ಅಲ್ಲದಿರಬಹುದು, ಜಾರಿಯಲ್ಲಿ ಇಲ್ಲದೆಯೂ ಜೀವಂತವಾಗಿರಬಹುದು. ಈ ಎರಡು ಸಾಧ್ಯತೆಗಳನ್ನು ನಮ್ಮ ಚರ್ಚೆಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಭಾ ಸುಧಾರಕ ಮಾರ್ಟಿನ್ ಲೂಥರ್ 1525ರ ಒಂದು ಪ್ರಸಂಗದಲ್ಲಿ (ಆರಾಧನೆಯ ಉಪದೇಶದಲ್ಲಿ) ಇದರ ಹತ್ತಿರಕ್ಕೆ ಬಂದಿದ್ದರು: ಇದು ದೇವರ ಮಾತೇ ಎಂದು ನೋಡಿದರಷ್ಟೇ ಸಾಲದು, ಯಾರಿಗೆ ಹೇಳಿದ ಮಾತು ಎಂಬುದನ್ನೂ ನೋಡಬೇಕು ಎಂಬುದು ಅವರ ವಾದದ ಸಾರ.

ಇಷ್ಟರವರೆಗೆ ಹಳೇ ಒಡಂಬಡಿಕೆಯ ಮಾತಾಯಿತು. ಹೊಸ ಒಡಂಬಡಿಕೆಯದೆಲ್ಲ ಶಾಶ್ವತ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ; ಅದನ್ನು ಅಲುಗಾಡಿಸುವ ಅಧ್ಯಾಯ ಅಪೊಸ್ತಲರ ಕೃತ್ಯಗಳು 15. ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಅಪೊಸ್ತಲರೂ (ಯೇಸು ಕಳುಹಿಸಿದ ಶಿಷ್ಯರು) ಹಿರಿಯರೂ ಕೂಡಿ, ಅನ್ಯಜನರೊಳಗಿಂದ, ಅಂದರೆ ಯೆಹೂದ್ಯರಲ್ಲದವರೊಳಗಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕಿಲ್ಲ ಎಂದು ತೀರ್ಮಾನಿಸಿದರು. ಆದರೆ ನಾಲ್ಕನ್ನು ಬಿಡಲೇಬೇಕು ಎಂದು ಪತ್ರ ಬರೆದು ಅಂತಿಯೋಕ್ಯಕ್ಕೆ ಕಳುಹಿಸಿದರು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ. ಇದು ಪವಿತ್ರಾತ್ಮನಿಗೂ ನಮಗೂ ಸರಿಯಾಗಿ ತೋರಿತು ಎಂಬುದು ಪತ್ರದ ಒಕ್ಕಣೆ. ಇದಕ್ಕಿಂತ ದೊಡ್ಡ ಅಧಿಕಾರದಿಂದ ಬಂದ ಆಜ್ಞೆ ಸಭೆಯ ಇತಿಹಾಸದಲ್ಲಿ ಇನ್ನೊಂದಿರಲಾರದು.

ಈಗ ಅಡುಗೆಮನೆಗೆ ಬರೋಣ. ಕ್ರಿಸ್ಮಸ್ ಮರುದಿನ ನಮ್ಮ ಅಜ್ಜಿಯ ಊರಿನಲ್ಲಿ ಕುರಿ ಕಡಿದರೆ, ರಕ್ತವನ್ನು ಅಗಲವಾದ ಪಾತ್ರೆಯಲ್ಲಿ ಹಿಡಿದು, ಚಿಟಿಕೆ ಉಪ್ಪು ಹಾಕಿ ಹೆಪ್ಪುಗಟ್ಟಲು ಬಿಡುತ್ತಿದ್ದರು. ಆಮೇಲೆ ಅದನ್ನು ಬೇಯಿಸಿ, ಕೈಯಿಂದ ಪುಡಿ ಮಾಡಿ, ಈರುಳ್ಳಿ, ಹಸಿಮೆಣಸಿನಕಾಯಿ, ತೆಂಗಿನತುರಿ ಹಾಕಿ ಹುರಿಯುತ್ತಿದ್ದರು. ರಾಗಿಮುದ್ದೆಯ ಪಕ್ಕ ಅದಿಲ್ಲದಿದ್ದರೆ ಹಿರಿಯರಿಗೆ ಹಬ್ಬ ಆದಂತೆಯೇ ಅಲ್ಲ. ಪೆಂತೆಕೊಸ್ತ್ ಸಭೆ ಸೇರಿದ್ದ ಚಿಕ್ಕಮ್ಮ ಒಬ್ಬರು ಅದನ್ನು ಮುಟ್ಟುತ್ತಿರಲಿಲ್ಲ. ‘ಕೃತ್ಯಗಳು ಹದಿನೈದು ಓದಿ ನೋಡಿ’ ಎನ್ನುತ್ತಿದ್ದರು. ಅಜ್ಜಿ ಓದಿಕೊಂಡವರೇ, ಆದರೆ ಹುರಿಯುವುದನ್ನು ನಿಲ್ಲಿಸಲಿಲ್ಲ. ಪಠ್ಯ ಚಿಕ್ಕಮ್ಮನ ಪರವಾಗಿತ್ತು ಎಂಬುದನ್ನು ಒಪ್ಪಲೇಬೇಕು. ರಕ್ತದ ನಿಷೇಧ ಮೋಶೆಗಿಂತಲೂ ಹಿಂದಿನದು; ಜಲಪ್ರಳಯದ ನಂತರ ನೋಹನಿಗೆ, ಅವನ ಮೂಲಕ ಎಲ್ಲ ಮನುಷ್ಯರಿಗೆ ಹೇಳಿದ್ದು; ಯಾಜಕಕಾಂಡದಲ್ಲಿ ಅದು ಮತ್ತೆ ಬಂದಿದೆ; ಕೊನೆಗೆ ಅಪೊಸ್ತಲರೂ ಅದನ್ನು ಎತ್ತಿಹಿಡಿದರು. ಒಂದು ಆಜ್ಞೆಯನ್ನು ಶಾಶ್ವತವೆನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಏನು ಬೇಕು?

ಆದರೂ ಪಶ್ಚಿಮದ (ರೋಮ್ ಕೇಂದ್ರಿತ) ಸಭೆ ಅದನ್ನು ಬಿಟ್ಟಿತು. ಕ್ರಿ.ಶ. 400ರ ಸುಮಾರಿಗೇ ಅಗಸ್ಟೀನ್, ಕುತ್ತಿಗೆಗೆ ಪೆಟ್ಟು ಕೊಟ್ಟು ಕೊಂದ ಮೊಲವನ್ನು ತಿನ್ನಲು ಹಿಂಜರಿಯುವವರನ್ನು ಜನ ನೋಡಿ ನಗುತ್ತಾರೆ ಎಂದು ಬರೆದಿದ್ದಾರೆ. ಪೂರ್ವದ (ಆರ್ಥೊಡಾಕ್ಸ್) ಸಭೆ ಹಾಗೆ ನಗಲಿಲ್ಲ. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಟ್ರುಲ್ಲೋ ಪರಿಷತ್ತು ರಕ್ತದ ಅಡುಗೆ ತಿಂದ ಯಾಜಕರನ್ನು ಪದವಿಯಿಂದ ಇಳಿಸಬೇಕು, ಸಾಮಾನ್ಯರನ್ನು ಬಹಿಷ್ಕರಿಸಬೇಕು ಎಂದು ವಿಧಿಸಿತು. 1442ರಲ್ಲಿ ಫ್ಲಾರೆನ್ಸ್ ಪರಿಷತ್ತು ಪಶ್ಚಿಮದ ನಿಲುವಿಗೆ ಕಾರಣ ಕೊಟ್ಟಿತು. ಯೆಹೂದ್ಯರೂ ಅನ್ಯಜನರೂ ಒಂದೇ ಪಂಕ್ತಿಯಲ್ಲಿ ಕೂತು ಊಟಮಾಡುವಂತಾಗಲಿ ಎಂದು ಆ ಕಾಲಕ್ಕೆ ಆ ಆಜ್ಞೆ ಬೇಕಾಗಿತ್ತು; ಆ ಕಾರಣ ಈಗ ಇಲ್ಲವಾದ್ದರಿಂದ ಅದರ ಪರಿಣಾಮವೂ ಇಲ್ಲ ಎಂಬುದು ಅದರ ತರ್ಕ. 1945ರಿಂದ ಯೆಹೋವನ ಸಾಕ್ಷಿಗಳು ಅದೇ ವಚನವನ್ನು ಹಿಡಿದು ಆಸ್ಪತ್ರೆಯಲ್ಲಿ ರಕ್ತ ಪಡೆಯಲು ನಿರಾಕರಿಸುತ್ತಾ ಬಂದಿದ್ದಾರೆ. ಒಂದೇ ವಾಕ್ಯ ಒಬ್ಬರಿಗೆ ಮುಗಿದುಹೋದ ಕಥೆ, ಇನ್ನೊಬ್ಬರಿಗೆ ಪ್ರಾಣಕ್ಕಿಂತ ಹೆಚ್ಚಿನದು.

ಆ ನಾಲ್ಕರಲ್ಲಿ ಮೊದಲನೆಯದು ಬೆಂಗಳೂರಿನಲ್ಲಿ ಇಂದಿಗೂ ಬಿಸಿಯಾಗಿರುವ ವಿಷಯ. ಗಣೇಶನ ಹಬ್ಬಕ್ಕೆ ಎದುರುಮನೆಯವರು ತಟ್ಟೆಯಲ್ಲಿ ಕಡುಬು ತಂದುಕೊಡುತ್ತಾರೆ. ಕೆಲವು ಮನೆಗಳಲ್ಲಿ ಪ್ರಾರ್ಥನೆ ಮಾಡಿ ತಿನ್ನುತ್ತಾರೆ, ಕೆಲವರು ನಗುನಗುತ್ತಲೇ ತೆಗೆದುಕೊಂಡು ಆಮೇಲೆ ಯಾರಿಗೋ ಕೊಡುತ್ತಾರೆ, ಕೆಲವರು ಬಾಗಿಲಲ್ಲೇ ಬೇಡವೆನ್ನುತ್ತಾರೆ. ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆಯುವಾಗ ಪೇಟೆಯಲ್ಲಿ ಮಾರುವ ಮಾಂಸವನ್ನು ವಿಚಾರಿಸದೆ ತಿನ್ನಿ ಎಂದನು; ಇದು ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ ಮಾತ್ರ, ತಿಳಿಸಿದವನ ಮನಸ್ಸಾಕ್ಷಿಗಾಗಿ ತಿನ್ನಬೇಡಿ ಎಂದನು. ಪ್ರಕಟನೆ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಅದೇ ಊಟಕ್ಕೆ ಕಟುವಾದ ಖಂಡನೆಯಿದೆ. ಅಪೊಸ್ತಲರ ಕಾಲದಲ್ಲೇ ಆ ಆಜ್ಞೆಯ ವ್ಯಾಪ್ತಿ ತೀರ್ಮಾನವಾಗಿರಲಿಲ್ಲ ಎಂದಮೇಲೆ ನಮ್ಮ ಬೀದಿಯಲ್ಲಿ ತೀರ್ಮಾನವಾಗದಿರುವುದು ಆಶ್ಚರ್ಯವಲ್ಲ. ನನ್ನ ಮಟ್ಟಿಗೆ ಪೌಲನ ಮಾತಿನಲ್ಲಿ ಮುಖ್ಯವಾದದ್ದು ತಟ್ಟೆಯಲ್ಲಿರುವ ತಿಂಡಿಯಲ್ಲ, ಎದುರಿಗಿರುವ ಮನುಷ್ಯ. ಹಾಗಾಗಿ ನಮ್ಮ ಮನೆಯಲ್ಲಿ ಕಡುಬು ಉಳಿಯುವುದಿಲ್ಲ.

ಇಲ್ಲಿ ಯೇಸುವಿನ ಮಾತುಗಳನ್ನು ಬದಿಗಿಡುವಂತಿಲ್ಲ. ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದಿಲ್ಲ, ನೆರವೇರಿಸಲು ಬಂದಿದ್ದೇನೆ ಎಂಬ ಮಾತು ಮತ್ತಾಯ 5ರಲ್ಲಿದೆ, ಅದನ್ನು ಎಲ್ಲರೂ ಉದ್ಧರಿಸುತ್ತಾರೆ. ಮತ್ತಾಯ 19 ನನಗೆ ಹೆಚ್ಚು ಬೋಧಪ್ರದ. ಹೆಂಡತಿಗೆ ತ್ಯಾಗಪತ್ರ ಕೊಟ್ಟು ಬಿಡಬಹುದೆಂದು ಮೋಶೆ ಹೇಳಿದ್ದಾನಲ್ಲ ಎಂದು ಫರಿಸಾಯರು ಕೇಳಿದಾಗ, ಅದು ನಿಮ್ಮ ಹೃದಯದ ಕಾಠಿಣ್ಯಕ್ಕಾಗಿ ಕೊಟ್ಟ ಅನುಮತಿ, ಆದಿಯಲ್ಲಿ ಹಾಗಿರಲಿಲ್ಲ ಎನ್ನುತ್ತಾನೆ. ಧರ್ಮಶಾಸ್ತ್ರದಲ್ಲಿ ಬರೆದಿದ್ದ ಒಂದು ನಿಯಮವನ್ನು ಅವನು ನೈತಿಕವೇ ಆಚರಣೆಯೇ ಎಂದು ವಿಂಗಡಿಸುವುದಿಲ್ಲ; ಅದನ್ನು ಏಕೆ ಕೊಡಲಾಯಿತು ಎಂದು ಕೇಳುತ್ತಾನೆ. ಅಲ್ಲಿ ಸಿಕ್ಕ ಉತ್ತರ ನಿಯಮವನ್ನು ಸಡಿಲಗೊಳಿಸುವುದಿಲ್ಲ, ಇನ್ನೂ ಬಿಗಿಗೊಳಿಸುತ್ತದೆ ಎಂಬುದನ್ನೂ ಗಮನಿಸಬೇಕು.

ಹೀಗಾಗಿ ಆಜ್ಞೆ ಯಾವ ಪೆಟ್ಟಿಗೆಗೆ ಸೇರಿದ್ದು ಎಂದು ಕೇಳುವ ಬದಲು, ಆಜ್ಞೆಯೇ ತನ್ನ ಜೊತೆಗೆ ಇಟ್ಟುಕೊಂಡಿರುವ ಕಾರಣವನ್ನು ಓದಬೇಕು, ಆ ಕಾರಣ ಇನ್ನೂ ನಮ್ಮ ನಡುವೆ ಇದೆಯೇ ಎಂದು ನೋಡಬೇಕು ಎಂಬ ನಿಲುವಿಗೆ ನಾನು ಬಂದಿದ್ದೇನೆ. ಧರ್ಮೋಪದೇಶಕಾಂಡ 22ರಲ್ಲಿ, ಹೊಸ ಮನೆ ಕಟ್ಟಿದರೆ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಇಲ್ಲದಿದ್ದರೆ ಯಾರಾದರೂ ಬಿದ್ದು ಸತ್ತ ಅಪರಾಧಕ್ಕೆ ಮನೆಯವರು ಗುರಿಯಾಗುತ್ತಾರೆ ಎಂದಿದೆ. ಹಳೆಯ ವಿಂಗಡಣೆಯಲ್ಲಿ ಇದು ಇಸ್ರಾಯೇಲ್ ರಾಜ್ಯದ ಕಟ್ಟಡ ಕಾನೂನು, ಅಂದರೆ ಮುಗಿದದ್ದು. ಆದರೆ ಇಪ್ಪತ್ತು ಮೂವತ್ತರ ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಬಾಡಿಗೆಗೆ ಕೊಟ್ಟು, ತಾರಸಿಯ ಮೋಟುಗೋಡೆಯನ್ನು ಮೊಣಕಾಲೆತ್ತರಕ್ಕೆ ನಿಲ್ಲಿಸಿದ ಕ್ರೈಸ್ತ ಮಾಲೀಕನಿಗೆ ಆ ವಚನ ಮುಗಿದಿದೆ ಎಂದು ಯಾರು ಹೇಳಬಲ್ಲರು? ಗುಂಡಿ ತೋಡಿ ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಎತ್ತಿಗೆ ಪರಿಹಾರ ಕೊಡಬೇಕೆಂದು ವಿಮೋಚನಕಾಂಡ 21 ಹೇಳುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಓಡಾಡುವವರಿಗೆ ಈ ವಚನವನ್ನು ನಗದೆ ಓದುವುದು ಕಷ್ಟ, ಆದರೆ ಮನೆಯಂಗಳದ ಸಂಪಿನ ಮುಚ್ಚಳ ತೆರೆದಿಟ್ಟು ಒಳಗೆ ಹೋಗುವವರು ನಗುವಂತಿಲ್ಲ.

ಸಬ್ಬತ್ತಿನ ವಿಷಯದಲ್ಲಿ ಬೈಬಲ್ ಎರಡು ಕಾರಣಗಳನ್ನು ಕೊಡುತ್ತದೆ. ವಿಮೋಚನಕಾಂಡ 20ರಲ್ಲಿ ಕಾರಣ ಸೃಷ್ಟಿ: ದೇವರು ಏಳನೆಯ ದಿನ ವಿಶ್ರಮಿಸಿದನು. ಧರ್ಮೋಪದೇಶಕಾಂಡ 5ರಲ್ಲಿ ಕಾರಣ ಐಗುಪ್ತ: ನೀನೂ ದಾಸನಾಗಿದ್ದೆ, ಆದ್ದರಿಂದ ನಿನ್ನ ದಾಸದಾಸಿಯರೂ ನಿನ್ನಂತೆ ವಿಶ್ರಮಿಸಿಕೊಳ್ಳಲಿ. ನಮ್ಮ ವಾದವೆಲ್ಲ ಶನಿವಾರವೋ ಭಾನುವಾರವೋ ಎಂಬುದರಲ್ಲೇ ಮುಗಿಯುತ್ತದೆ. ಸೆವೆಂತ್ ಡೇ ಅಡ್ವೆಂಟಿಸ್ಟರು ಶನಿವಾರವನ್ನು ಬಿಟ್ಟುಕೊಟ್ಟಿಲ್ಲ. ಇಥಿಯೋಪಿಯಾದ ಪುರಾತನ ಸಭೆ ಎರಡನ್ನೂ ಗೌರವಿಸುತ್ತದೆ. 321ರಲ್ಲಿ ಕಾನ್‌ಸ್ಟಾಂಟೈನ್ ಚಕ್ರವರ್ತಿ ಭಾನುವಾರವನ್ನು ನಗರವಾಸಿಗಳಿಗೆ ರಜೆಯ ದಿನವೆಂದು ಸಾರಿ ರೈತರಿಗೆ ವಿನಾಯಿತಿ ಕೊಟ್ಟನು. ಒಬ್ಬನು ಒಂದು ದಿನವನ್ನು ಮೇಲೆಂದೆಣಿಸುತ್ತಾನೆ, ಇನ್ನೊಬ್ಬನು ಎಲ್ಲ ದಿನಗಳನ್ನೂ ಸಮವೆಂದೆಣಿಸುತ್ತಾನೆ ಎಂದ ಪೌಲನ ಮಾತಿನೊಂದಿಗೆ ದಿನದ ಪ್ರಶ್ನೆಯನ್ನು ಬಿಟ್ಟುಬಿಡಲು ನಾನು ಸಿದ್ಧ. ದಾಸಿಯ ಪ್ರಶ್ನೆಯನ್ನು ಬಿಡಲಾಗುವುದಿಲ್ಲ. ನಾವು ಒಂಬತ್ತು ಗಂಟೆಯ ಆರಾಧನೆಗೆ ಹೊರಡಬೇಕೆಂದು ಮನೆಗೆಲಸದವರನ್ನು ಭಾನುವಾರ ಒಂದು ಗಂಟೆ ಮುಂಚೆಯೇ ಬರಹೇಳುವ ಮನೆಗಳು ನಮ್ಮ ಸಭೆಯಲ್ಲಿ ಬೇಕಾದಷ್ಟಿವೆ. ಅಲ್ಲಿ ನಾಲ್ಕನೆಯ ಆಜ್ಞೆ ಪಾಲನೆಯಾಗುತ್ತಿದೆ ಎಂದು ನನಗನ್ನಿಸುವುದಿಲ್ಲ, ವಾರ ಯಾವುದೇ ಇರಲಿ.

ಕಾರಣವನ್ನು ಹುಡುಕುವ ಈ ದಾರಿಯಲ್ಲಿ ಒಂದು ಅಪಾಯವಿದೆ: ಬೇಡವಾದ ಆಜ್ಞೆಗೆ ಕಾರಣ ತೀರಿಹೋಯಿತೆಂದು ಹೇಳಿಬಿಡುವುದು ಬಲು ಸುಲಭ. ಯಾವುದನ್ನು ತಾತ್ಕಾಲಿಕವೆನ್ನುತ್ತೇವೆ ಎಂಬುದರ ಜೊತೆಗೆ, ಹಾಗೆನ್ನುವುದರಿಂದ ಯಾರಿಗೆ ಲಾಭ ಎಂದೂ ಕೇಳಬೇಕಾಗುತ್ತದೆ. ದಶಮಾಂಶವನ್ನೇ ತೆಗೆದುಕೊಳ್ಳಿ. ಪ್ರವಾದಿ ಮಲಾಕಿಯನ ಮೂರನೆಯ ಅಧ್ಯಾಯವನ್ನು ಹಿಡಿದು, ಆದಾಯದ ಹತ್ತನೆಯ ಒಂದು ಪಾಲು ಸಭೆಗೆ ಕೊಡದವನು ದೇವರಿಂದ ಕದ್ದವನು ಎಂದು ಗುಡುಗುವ ಪ್ರಸಂಗಗಳನ್ನು ನಾನು ಬಹಳ ಕೇಳಿದ್ದೇನೆ. ಧರ್ಮೋಪದೇಶಕಾಂಡ 14ರ ದಶಮಾಂಶದ ಬಗ್ಗೆ ಒಂದೂ ಪ್ರಸಂಗ ಕೇಳಿಲ್ಲ. ಅಲ್ಲಿ ಬೆಳೆಯ ಹತ್ತನೆಯ ಪಾಲನ್ನು ಮನೆಯವರೆಲ್ಲ ಕೂಡಿ ದೇವರ ಸನ್ನಿಧಿಯಲ್ಲಿ ಊಟಮಾಡಬೇಕು. ದೂರವಾದರೆ ಹಣ ಮಾಡಿಕೊಂಡು ಹೋಗಿ, ಅಲ್ಲಿ ಮನಸ್ಸಿಗೆ ಬಂದದ್ದನ್ನು ಕೊಂಡು ಸಂತೋಷಪಡಬೇಕು, ದೇವರ ಸೇವೆಗೆ ನೇಮಕವಾದ ಕುಲದ ಲೇವಿಯನನ್ನು ಮರೆಯಬಾರದು. ಮೂರು ವರ್ಷಕ್ಕೊಮ್ಮೆ ಅದನ್ನು ಪರದೇಶಿ, ಅನಾಥ, ವಿಧವೆಯರಿಗೆ ಬಿಡಬೇಕು. ನಮ್ಮ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿಯನ್ನೂ ನಾಟಿಕೋಳಿಯನ್ನೂ ಅದರ ಬೆಲೆಗಿಂತ ಹತ್ತುಪಟ್ಟಿಗೆ ಹರಾಜು ಕೂಗಿ, ಕೊನೆಗೆ ಎಲ್ಲರೂ ಚರ್ಚಿನ ಅಂಗಳದಲ್ಲಿ ಕೂತು ಊಟಮಾಡುವುದು ಮಲಾಕಿಯನ ಪ್ರಸಂಗಕ್ಕಿಂತ ಆ ಅಧ್ಯಾಯಕ್ಕೆ ಹತ್ತಿರವಾಗಿದೆ.

ದಶಮಾಂಶ ಶಾಶ್ವತವಾದ ನಮ್ಮಲ್ಲೇ ಬಡ್ಡಿಯ ನಿಷೇಧ ತಾತ್ಕಾಲಿಕವಾಯಿತು. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ತೆಗೆದುಕೊಳ್ಳಬಾರದೆಂದು ವಿಮೋಚನಕಾಂಡ, ಯಾಜಕಕಾಂಡ, ಧರ್ಮೋಪದೇಶಕಾಂಡ ಮೂರರಲ್ಲೂ ಇದೆ. ಪರದೇಶಿಯಿಂದ ತೆಗೆದುಕೊಳ್ಳಬಹುದೆಂಬ ವಿನಾಯಿತಿಯೂ ಕೊನೆಯದರಲ್ಲಿದೆ. 325ರ ನೈಸಿಯಾ ಪರಿಷತ್ತು ಯಾಜಕವರ್ಗದವರು ಬಡ್ಡಿ ವ್ಯವಹಾರ ಮಾಡಬಾರದೆಂದಿತು. 1179ರ ಮೂರನೆಯ ಲ್ಯಾಟರನ್ ಪರಿಷತ್ತು ಬಹಿರಂಗವಾಗಿ ಬಡ್ಡಿ ವ್ಯವಹಾರ ನಡೆಸುವವರಿಗೆ ಕ್ರೈಸ್ತ ಶವಸಂಸ್ಕಾರವನ್ನೇ ನಿರಾಕರಿಸಿತು. 16ನೇ ಶತಮಾನದಲ್ಲಿ ಸುಧಾರಕ ಜಾನ್ ಕ್ಯಾಲ್ವಿನ್ ಬಡ್ಡಿಗೆ ಅವಕಾಶ ಕೊಟ್ಟರು, ಆದರೆ ಬಡವರಿಂದ ತೆಗೆದುಕೊಳ್ಳಬಾರದೆಂಬ ಷರತ್ತನ್ನು ಬಿಡಲಿಲ್ಲ. ವ್ಯಾಪಾರಕ್ಕೆ, ಮನೆ ಕಟ್ಟಲು ಬ್ಯಾಂಕು ಕೊಡುವ ಸಾಲ ಯಾಜಕಕಾಂಡ 25ರ ಬಡ ಸಹೋದರನಿಗೆ ಕೊಡುವ ಸಾಲವಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಮಗುವಿನ ಆಸ್ಪತ್ರೆ ಖರ್ಚಿಗೆಂದು ತರಕಾರಿ ಗಾಡಿಯವಳು ತೆಗೆದುಕೊಳ್ಳುವ ಮೀಟರ್ ಬಡ್ಡಿಯ ಸಾಲ ಅದೇ ಸಾಲ.

ಧರ್ಮೋಪದೇಶಕಾಂಡ 24ರಲ್ಲಿ ಸಾಲಗಾರನ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಅವನ ಜೀವವನ್ನೇ ಒತ್ತೆ ಇಟ್ಟುಕೊಂಡಂತೆ ಎಂದಿದೆ. ಒತ್ತೆ ತೆಗೆದುಕೊಳ್ಳಲು ಸಾಲ ಕೊಟ್ಟವನು ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು, ಸಾಲಗಾರನೇ ತಂದುಕೊಡಲಿ ಎಂದೂ ಇದೆ. ಸುಮಾರು ಎರಡೂವರೆ ಸಾವಿರ ವರ್ಷ ಹಳೆಯದಾದ ಈ ನಿಯಮ ನ್ಯಾಯಾಡಳಿತದ ಪೆಟ್ಟಿಗೆಗೆ ಸೇರಿದ್ದು, ಆದ್ದರಿಂದ ನಮಗೆ ಅನ್ವಯಿಸದು ಎಂದು ವಿಶ್ವಾಸಪ್ರಮಾಣಗಳ ಪ್ರಕಾರ ಹೇಳಬಹುದು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತ, ಕಿರುಕುಳಗಳನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಲಗಾರರ ಮನೆ ಬಾಗಿಲಿಗೆ ಬಂದು ಕೂಗಾಡುವುದು, ಮನೆಯ ಸಾಮಾನು ಹೊತ್ತೊಯ್ಯುವುದು, ಅವಮಾನ ತಾಳದೆ ಜನ ಊರು ಬಿಡುವುದು, ಇವೆಲ್ಲ ಆಗ ಪತ್ರಿಕೆಗಳಲ್ಲಿ ನಿತ್ಯದ ಸುದ್ದಿಯಾಗಿತ್ತು. ಆ ನಿಯಮಕ್ಕೆ ಇದ್ದ ಕಾರಣ ಎಲ್ಲಿಯೂ ಹೋಗಿರಲಿಲ್ಲ.

ನಮ್ಮ ಸಭೆಯಲ್ಲೂ ಒಂದು ಸಹಾಯನಿಧಿಯಿದೆ. ಅದರಿಂದ ಪಡೆದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಹೊರಗಿನ ದರಕ್ಕೆ ಹೋಲಿಸಿದರೆ ಇದು ಏನೂ ಅಲ್ಲ, ಬಡ್ಡಿಯಿಲ್ಲದಿದ್ದರೆ ನಿಧಿ ಕರಗಿಹೋಗುತ್ತದೆ ಎಂಬುದು ಖಜಾಂಚಿಯವರ ವಾದ. ಆಸ್ಪತ್ರೆ, ಶಾಲೆಯ ಫೀಸು, ಸಾವು, ಈ ಮೂರಕ್ಕೆ ಬಡ್ಡಿ ಬೇಡ, ಸ್ಕೂಟರ್ ಕೊಳ್ಳುವವರಿಂದ ಬೇಕಾದರೆ ತೆಗೆದುಕೊಳ್ಳೋಣ ಎಂದು ನಾನು ಕಮಿಟಿಗೆ ಬರೆದುಕೊಟ್ಟಿದ್ದೇನೆ. ಯಾರ ಕಷ್ಟ ನಿಜವಾದ ಕಷ್ಟ ಎಂದು ಅಳೆಯುವವರು ಯಾರು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ, ಅಳೆಯುವಾಗ ತಪ್ಪಾದರೆ ನಷ್ಟ ನಿಧಿಗಾಗಲಿ, ಕೇಳಿ ಬಂದವರಿಗಲ್ಲ ಎಂಬುದು ನನ್ನ ಉತ್ತರ.